ಬೆಕ್ಕಿನ ಕಣ್ಣನ್ನು ಒಂಟಿಯಾಗಿ ಓದಬೇಡಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಒಂದು ಛಾಯಾಚಿತ್ರ ಪ್ರಕಟವಾಗಿತ್ತು. ಅದರಲ್ಲಿ ಮಗುವೊಂದು ಬೆಕ್ಕನ್ನು ಎರಡೂ ಕೈಗಳಿಂದ ಎದೆಗೆ ಅವಚಿಕೊಂಡಿದೆ. ಬೆಕ್ಕಿನ ಕಣ್ಣುಗಳು ಅಂಚಿನವರೆಗೂ ಕಪ್ಪಾಗಿ ಅರಳಿವೆ, ಕಿವಿಗಳು ಪಕ್ಕಕ್ಕೆ ವಾಲಿ ತಲೆಗೆ ಅಂಟಿಕೊಂಡಿವೆ, ಮೀಸೆಗಳು ಕೆನ್ನೆಗೆ ಒತ್ತಿಕೊಂಡಿವೆ, ಬಾಲ ಹೊಟ್ಟೆಯಡಿಗೆ ಸೇರಿದೆ. ಚಿತ್ರದ ಕೆಳಗಿನ ಸಾಲು ಮಾತ್ರ ಇದನ್ನು ಪ್ರೀತಿ ತುಂಬಿದ ನೋಟವೆಂದು ಬಣ್ಣಿಸಿತ್ತು. ಚಿತ್ರ ತೆಗೆದವರನ್ನಾಗಲಿ, ಸಾಲು ಬರೆದವರನ್ನಾಗಲಿ ದೂರುವುದು ನನ್ನ ಉದ್ದೇಶವಲ್ಲ. ದೊಡ್ಡ ಕಣ್ಣು ಕಂಡ ಕೂಡಲೇ ಮುದ್ದು ಎಂದುಕೊಳ್ಳುವುದು ಮನುಷ್ಯರ ಹಳೆಯ ಅಭ್ಯಾಸ. ಆದರೆ ಆ ಚಿತ್ರದಲ್ಲಿದ್ದದ್ದು ಹೆದರಿದ ಬೆಕ್ಕು, ಮುಂದಿನ ಕೆಲವೇ ಕ್ಷಣಗಳಲ್ಲಿ ಪರಚಿ ಬಿಡಿಸಿಕೊಳ್ಳಬಹುದಾಗಿದ್ದ ಬೆಕ್ಕು. ಅದನ್ನು ನೋಡಿದ ಮಕ್ಕಳು ಅದೇ ಬಗೆಯಲ್ಲಿ ಬೆಕ್ಕನ್ನು ಎತ್ತಿಕೊಳ್ಳಲು ಹೋದರೆ ಗಾಯವಾಗುವುದು ಮಕ್ಕಳ ಮುಖಕ್ಕೆ, ಕೆಟ್ಟ ಹೆಸರು ಬರುವುದು ಬೆಕ್ಕಿಗೆ.

ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಬೆಕ್ಕಿನ ಕಣ್ಣು ಬಹಳಷ್ಟನ್ನು ಹೇಳುತ್ತದೆ, ಆದರೆ ಅದೊಂದನ್ನೇ ನೋಡಿ ಅರ್ಥ ಕಟ್ಟಲು ಹೊರಟರೆ ತಪ್ಪುವ ಸಂಭವವೇ ಹೆಚ್ಚು. ಸುತ್ತಲಿನ ಬೆಳಕು, ಕಿವಿಯ ದಿಕ್ಕು, ಬಾಲದ ಚಲನೆ, ಮೈಯ ಬಿಗಿತ, ಆ ಹೊತ್ತಿನಲ್ಲಿ ಬೆಕ್ಕಿನ ಎದುರಿಗೆ ಇರುವುದೇನು ಎಂಬ ಸಂಗತಿ, ಇವೆಲ್ಲವನ್ನೂ ಜೊತೆಗಿಟ್ಟುಕೊಂಡಾಗ ಮಾತ್ರ ಕಣ್ಣಿನ ಮಾತು ಹಿಡಿತಕ್ಕೆ ಸಿಗುತ್ತದೆ.

ಮೊದಲು ಬೆಳಕಿನ ವಿಚಾರ. ಬೆಕ್ಕಿನ ಕಣ್ಣಿನ ಪಾಪೆ ನಮ್ಮದರಂತೆ ಯಾವಾಗಲೂ ದುಂಡಗಿರುವುದಿಲ್ಲ. ಪ್ರಖರ ಬೆಳಕಿನಲ್ಲಿ ಅದು ನೆಟ್ಟಗಿನ ಸಣ್ಣ ಸೀಳಾಗುತ್ತದೆ, ಕತ್ತಲಲ್ಲಿ ಅರಳಿ ದುಂಡಾಗುತ್ತದೆ. ನೆಲದ ಮೇಲೆ ಬದುಕುವ 214 ಜಾತಿಯ ಪ್ರಾಣಿಗಳ ಪಾಪೆಗಳನ್ನು ಹೋಲಿಸಿ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸಾಕುಬೆಕ್ಕಿನ ಪಾಪೆಯ ವಿಸ್ತೀರ್ಣ 135 ಪಟ್ಟಿನಷ್ಟು ಹಿಗ್ಗಿ ಕುಗ್ಗಬಲ್ಲದು, ಮನುಷ್ಯರದು ಸುಮಾರು 15 ಪಟ್ಟು ಮಾತ್ರ. ನೆಲಕ್ಕೆ ಹತ್ತಿರವಿದ್ದು ಹೊಂಚು ಹಾಕಿ ಬೇಟೆಯಾಡುವ ಪ್ರಾಣಿಗಳಿಗೆ ಗುರಿಯ ದೂರವನ್ನು ಅಳೆಯಲು ಇಂಥ ಸೀಳು ಪಾಪೆ ಅನುಕೂಲವೆಂಬುದು ಆ ಅಧ್ಯಯನದ ವಿವರಣೆ. ಹೀಗಿರುವಾಗ ಮುಸ್ಸಂಜೆಯ ಕೋಣೆಯಲ್ಲಿ ಬೆಕ್ಕಿನ ಕಣ್ಣು ಕಪ್ಪಾಗಿ ತುಂಬಿ ಕಂಡರೆ ಅದಕ್ಕೆ ಯಾವ ಭಾವವನ್ನೂ ಅಂಟಿಸುವ ಅಗತ್ಯವಿಲ್ಲ. ಬೆಳಕು ಸಾಲದೆ ಅದು ಕಣ್ಣರಳಿಸಿದೆ, ಅಷ್ಟೆ. ಹಾಗೆಯೇ ಬಿಸಿಲಿನಲ್ಲಿ ಮಲಗಿದ ಬೆಕ್ಕಿನ ಪಾಪೆ ಗೆರೆಯಷ್ಟು ಕಿರಿದಾಗಿರುವುದನ್ನು ಕಂಡು ಕ್ರೂರ ದೃಷ್ಟಿ, ಕಪಟ ದೃಷ್ಟಿ ಎನ್ನುವವರು ಇದ್ದಾರೆ. ಪಾಪದ ಪ್ರಾಣಿಯ ಮೇಲೆ ಹೊರಿಸಿದ ಈ ಆರೋಪಕ್ಕೆ ಸೂರ್ಯನೇ ಉತ್ತರ ಕೊಡಬೇಕು.

ಬೆಳಕಿನ ಲೆಕ್ಕ ಮುಗಿದ ಮೇಲೆ ಉಳಿಯುವುದು ಉದ್ವೇಗದ ಲೆಕ್ಕ. ಬೆಕ್ಕು ಹೆದರಿದಾಗ, ರೇಗಿದಾಗ, ನೋವಿನಲ್ಲಿದ್ದಾಗ ಅಥವಾ ಆಟದ ಹುರುಪಿನಲ್ಲಿದ್ದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಓಡುವುದಕ್ಕೋ ಎರಗುವುದಕ್ಕೋ ದೇಹವನ್ನು ಸಜ್ಜುಗೊಳಿಸುವ ನರಗಳು ಚುರುಕಾಗುತ್ತವೆ, ಆಗ ಬೆಳಕು ಎಷ್ಟೇ ಇದ್ದರೂ ಪಾಪೆ ಅರಳುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪಾಪೆ ಉದ್ವೇಗ ಎಷ್ಟಿದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಅದು ಯಾವ ಬಗೆಯದು ಎಂಬುದನ್ನು ತೋರಿಸುವುದಿಲ್ಲ. ಆಡಿಸುವ ದಾರದ ತುದಿಯ ಮೇಲೆ ನೆಗೆಯಲು ಹೊರಟ ಮರಿಯ ಕಣ್ಣೂ, ಪಶುವೈದ್ಯರ ಮೇಜಿನ ಮೇಲೆ ಮುದುಡಿದ ಬೆಕ್ಕಿನ ಕಣ್ಣೂ ಚಿತ್ರದಲ್ಲಿ ಒಂದೇ ತರಹ ಕಾಣಬಹುದು. ವ್ಯತ್ಯಾಸವನ್ನು ಹೇಳಬೇಕಾದದ್ದು ಉಳಿದ ಅಂಗಗಳು. ಕೋಣೆಯ ಬೆಳಕು ಬದಲಾಗದೆ ಇದ್ದಾಗ ಪಾಪೆ ಇದ್ದಕ್ಕಿದ್ದಂತೆ ಹಿಗ್ಗಿದರೆ ಅದು ಗಮನ ಕೊಡಬೇಕಾದ ಬದಲಾವಣೆ; ಅದೇ ಕ್ಷಣದಲ್ಲಿ ಕಿವಿಯನ್ನೂ ಬಾಲವನ್ನೂ ನೋಡಬೇಕು.

ಕಿವಿಗಳು ಈ ವಿಷಯದಲ್ಲಿ ಬಹಳ ಪ್ರಾಮಾಣಿಕ ಸಾಕ್ಷಿಗಳು. ನೆಟ್ಟಗೆ ನಿಂತು ಮುಂದಕ್ಕೆ ತಿರುಗಿದ್ದರೆ ಕುತೂಹಲ. ಒಂದು ಕಿವಿ ಮುಂದಕ್ಕೂ ಇನ್ನೊಂದು ಪಕ್ಕಕ್ಕೂ ತಿರುಗುತ್ತಿದ್ದರೆ ಬೆಕ್ಕು ಎರಡು ಕಡೆಯ ಸದ್ದನ್ನು ಅಳೆಯುತ್ತಿದೆ, ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಕಿವಿಗಳು ಹೊರಳಿ ಅವುಗಳ ಹಿಂಬದಿ ನಮಗೆ ಕಾಣುವಂತಾದರೆ ಬೆಕ್ಕು ಎದುರಿಸಲು ಸಿದ್ಧವಾಗಿದೆ ಎಂದರ್ಥ. ತಲೆಗೆ ಅಂಟುವಂತೆ ಚಪ್ಪಟೆಯಾದರೆ ಅದು ಹೆದರಿ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಜರ್ಮನಿಯ ಪ್ರಾಣಿವರ್ತನೆಯ ವಿಜ್ಞಾನಿ ಪೌಲ್ ಲೈಹೌಸೆನ್ ಅವರು ಬೆಕ್ಕುಗಳ ಮುಖ ಮತ್ತು ಮೈಯ ಭಂಗಿಗಳನ್ನು ರೇಖಾಚಿತ್ರಗಳಲ್ಲಿ ಜೋಡಿಸಿದ್ದರು: ಒಂದು ದಿಕ್ಕಿನಲ್ಲಿ ಆಕ್ರಮಣದ ಮನೋಭಾವ ಏರುತ್ತ ಹೋಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಆತ್ಮರಕ್ಷಣೆಯ ಭಯ ಏರುತ್ತ ಹೋಗುತ್ತದೆ, ಎರಡೂ ಸೇರುವ ಮೂಲೆಯಲ್ಲಿ ಬೆನ್ನು ಬಿಲ್ಲಾಗಿ ಬಾಗಿಸಿ, ರೋಮ ನಿಮಿರಿಸಿ, ಅಡ್ಡವಾಗಿ ನಿಂತ ನಮ್ಮೆಲ್ಲರಿಗೂ ಪರಿಚಿತವಾದ ಬೆಕ್ಕು ನಿಂತಿರುತ್ತದೆ. ಆ ಬೆಕ್ಕನ್ನು ನಾವು ಸಿಟ್ಟಿನ ಬೆಕ್ಕು ಎನ್ನುತ್ತೇವೆ. ಆದರೆ ಅದರಲ್ಲಿ ಸಿಟ್ಟಿನಷ್ಟೇ ಭಯವೂ ಇದೆ. ತಾನು ಇರುವುದಕ್ಕಿಂತ ದೊಡ್ಡದಾಗಿ ಕಾಣಬೇಕೆಂಬ ಹತಾಶ ಪ್ರಯತ್ನವದು, ಎದುರಾಳಿ ಹಿಂದೆ ಸರಿದರೆ ಜಗಳವಿಲ್ಲದೆ ಮುಗಿಯಲಿ ಎಂಬ ಲೆಕ್ಕಾಚಾರವದು. ನಿಜವಾಗಿ ಎರಗಲು ಹೊರಟ ಬೆಕ್ಕು ಅಷ್ಟು ಗದ್ದಲ ಮಾಡುವುದಿಲ್ಲ. ಅದರ ಪಾಪೆ ಕಿರಿದಾಗಿಯೇ ಇರಬಹುದು, ನೋಟ ಎದುರಾಳಿಯ ಮೇಲೆ ನೆಟ್ಟಿರುತ್ತದೆ, ಹೆಜ್ಜೆ ಬಿಗಿಯಾಗಿ ನಿಧಾನವಾಗಿರುತ್ತದೆ.

ಬಾಲದ ಬಗೆಗೆ ಹೆಚ್ಚು ಬೆಳೆಸಬೇಕಾಗಿಲ್ಲ. ನಾಯಿಯ ಬಾಲದ ಪಾಠವನ್ನು ಬೆಕ್ಕಿಗೆ ಅನ್ವಯಿಸುವುದರಿಂದ ಎಷ್ಟೋ ಪರಚು ಗಾಯಗಳಾಗಿವೆ ಎಂಬುದು ನನ್ನ ಅನಿಸಿಕೆ: ಬೆಕ್ಕು ಬಾಲವನ್ನು ರಭಸದಿಂದ ಅತ್ತಿತ್ತ ಬಡಿಯುತ್ತಿದ್ದರೆ ಅದು ರೇಗುತ್ತಿದೆ. ಆಕಾಶಕ್ಕೆ ನೆಟ್ಟಗೆ ನಿಲ್ಲಿಸಿ, ತುದಿಯನ್ನು ಸ್ವಲ್ಪ ಬಾಗಿಸಿ ಬರುವ ಬೆಕ್ಕು ಸ್ನೇಹದಿಂದ ಬರುತ್ತಿದೆ. ಬೆಕ್ಕಿನ ಆಕಾರದಲ್ಲಿ ಕತ್ತರಿಸಿದ ಕಪ್ಪು ಹಲಗೆಗಳನ್ನು ಬೆಕ್ಕುಗಳಿಗೆ ತೋರಿಸಿ ನಡೆಸಿದ ಪ್ರಯೋಗದಲ್ಲಿ, ಬಾಲ ಎತ್ತಿದ ಆಕಾರವನ್ನು ಕಂಡ ಬೆಕ್ಕುಗಳು ತಾವೂ ಬಾಲ ಎತ್ತಿಕೊಂಡು ಅದರ ಬಳಿಗೆ ಸಲೀಸಾಗಿ ಹೋದವು.

ಇನ್ನು ನೋಟದ ವಿಚಾರ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಸ್ವಾರಸ್ಯಕರ. ಮನೆಗೆ ನಾಲ್ಕು ಜನ ಅತಿಥಿಗಳು ಬಂದರೆ, ಬೆಕ್ಕೆಂದರೆ ಆಗದವರ ಮಡಿಲನ್ನೇ ಬೆಕ್ಕು ಹುಡುಕಿಕೊಂಡು ಹೋಗುತ್ತದೆ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಬೆಕ್ಕಿನ ಕಡೆಯಿಂದ ನೋಡಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಬೆಕ್ಕನ್ನು ಇಷ್ಟಪಡುವ ಮೂವರು ಅದನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಾರೆ, ಬಾಗಿ ಕೈ ಚಾಚುತ್ತಾರೆ, ಕರೆಯುತ್ತಾರೆ. ಇಷ್ಟಪಡದವರು ಮುಖ ತಿರುಗಿಸಿ ಸುಮ್ಮನೆ ಕೂರುತ್ತಾರೆ. ಬೆಕ್ಕುಗಳ ನಡುವೆ ರೆಪ್ಪೆ ಬಡಿಯದೆ ದುರುಗುಟ್ಟಿ ನೋಡುವುದು ಬೆದರಿಕೆಯ ಲಕ್ಷಣ. ದೃಷ್ಟಿಯನ್ನು ಪಕ್ಕಕ್ಕೆ ಸರಿಸುವುದು ಜಗಳ ಬೇಡವೆಂಬ ಸೂಚನೆ. ಆದ್ದರಿಂದ ಇಡೀ ಕೋಣೆಯಲ್ಲಿ ಬೆಕ್ಕಿಗೆ ಸಭ್ಯರಾಗಿ ಕಂಡವರು ಆ ಒಬ್ಬರೇ.

ಇದಕ್ಕೆ ವಿರುದ್ಧವಾದದ್ದು ನಿಧಾನವಾಗಿ ಕಣ್ಣು ಮಿಟುಕಿಸುವ ಕ್ರಿಯೆ. ಇದನ್ನು ಹತ್ತಿರದಿಂದ ಗಮನಿಸಿದರೆ, ಬೆಕ್ಕು ಒಮ್ಮೆಲೇ ಕಣ್ಣು ಮುಚ್ಚುವುದಿಲ್ಲ. ಮೊದಲು ರೆಪ್ಪೆಗಳು ಅರ್ಧಕ್ಕೆ ಇಳಿಯುತ್ತವೆ, ಮತ್ತೆ ಅರ್ಧ ಇಳಿಯುತ್ತವೆ, ಬಳಿಕ ಕಣ್ಣು ಕಿರಿದಾದ ಗೆರೆಯಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ ಅಥವಾ ಪೂರ್ತಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕಿವಿ ಸಡಿಲವಾಗಿ ಮುಂದಕ್ಕಿರುತ್ತದೆ, ಮೀಸೆ ಸಹಜವಾಗಿ ಪಕ್ಕಕ್ಕೆ ಚಾಚಿರುತ್ತದೆ, ಭುಜದಲ್ಲಿ ಬಿಗಿತವಿರುವುದಿಲ್ಲ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕಿದವರು ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ಕಣ್ಣು ಕಿರಿದಾಗಿಸಿ ಪ್ರತಿಕ್ರಿಯಿಸುವುದು ಹೆಚ್ಚಾಗಿ ಕಂಡುಬಂತು. ಎರಡನೆಯ ಪ್ರಯೋಗದಲ್ಲಿ ಬೆಕ್ಕುಗಳಿಗೆ ಪರಿಚಯವಿಲ್ಲದ ಸಂಶೋಧಕರೇ ಕಣ್ಣು ಮಿಟುಕಿಸಿ ಅಂಗೈ ಚಾಚಿದರು. ಭಾವರಹಿತ ಮುಖದಿಂದ ಕೈ ಚಾಚಿದಾಗಿನದಕ್ಕಿಂತ ಆಗ ಬೆಕ್ಕುಗಳು ಹತ್ತಿರ ಬರುವ ಸಂಭವ ಹೆಚ್ಚಿತ್ತು. ಯಾರು ಬೇಕಾದರೂ ಮಾಡಿ ನೋಡಬಹುದಾದ ಪ್ರಯೋಗವಿದು: ತುಸು ದೂರದಲ್ಲಿ ನೆಲದ ಮಟ್ಟದಲ್ಲಿ ಕುಳಿತು, ಬೆಕ್ಕಿನ ಮುಖವನ್ನು ನೇರವಾಗಿ ನೋಡದೆ, ಕಣ್ಣನ್ನು ಮೆಲ್ಲನೆ ಮುಚ್ಚಿ ತೆರೆದು, ಬಳಿಕ ದೃಷ್ಟಿಯನ್ನು ಪಕ್ಕಕ್ಕೆ ಸರಿಸಬೇಕು. ಬೆಕ್ಕು ಉತ್ತರಿಸದಿದ್ದರೆ ಬೇಸರ ಪಡಬೇಕಾಗಿಲ್ಲ. ಉತ್ತರಿಸಲೇಬೇಕೆಂಬ ಕಟ್ಟುಪಾಡು ಅದಕ್ಕೆ ಇಲ್ಲ.

ಬೆಕ್ಕು ಸುಮ್ಮಸುಮ್ಮನೆ ಕಚ್ಚಿತು, ಮುದ್ದು ಮಾಡಿಸಿಕೊಳ್ಳುತ್ತಲೇ ತಿರುಗಿಬಿತ್ತು ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ಆ ಸುಮ್ಮಸುಮ್ಮನೆ ಎಂಬುದರ ಹಿಂದಿನ ಕೆಲವು ಕ್ಷಣಗಳನ್ನು ಬಿಡಿಸಿ ನೋಡೋಣ. ಬೆಕ್ಕು ಮಡಿಲಲ್ಲಿದೆ, ಕೈ ಬೆನ್ನ ಮೇಲೆ ಓಡಾಡುತ್ತಿದೆ, ಗುರ್‌ಗುರ್ ಸದ್ದು ಕೇಳಿಸುತ್ತಿದೆ. ಮೊದಲಿಗೆ ಆ ಸದ್ದು ನಿಲ್ಲುತ್ತದೆ. ಬಾಲದ ತುದಿ ಮಾತ್ರ ಒಮ್ಮೆ ಮಿಡಿಯುತ್ತದೆ, ಬಾಲದ ಉಳಿದ ಭಾಗ ಅಲುಗುವುದಿಲ್ಲ. ಕೈ ಇನ್ನೂ ಓಡಾಡುತ್ತಿದ್ದರೆ ಬೆನ್ನಿನ ಚರ್ಮ ಸೊಂಟದ ಹತ್ತಿರ ಅಲೆಯಾಗಿ ಅದುರುತ್ತದೆ. ಒಂದು ಕಿವಿ ಹಿಂದಕ್ಕೆ, ಕೈ ಇರುವ ಕಡೆಗೆ ತಿರುಗುತ್ತದೆ. ಅಷ್ಟು ಹೊತ್ತು ಅರೆಮುಚ್ಚಿದ್ದ ಕಣ್ಣು ತೆರೆದುಕೊಂಡು ಪಾಪೆ ಹಿಗ್ಗುತ್ತದೆ. ತಲೆ ಥಟ್ಟನೆ ಹೊರಳಿ ಕೈಯನ್ನು ನೋಡುತ್ತದೆ, ಕೆಲವೊಮ್ಮೆ ಮೂಗನ್ನು ಒಮ್ಮೆ ನೆಕ್ಕಿಕೊಳ್ಳುತ್ತದೆ. ಇಷ್ಟು ಬಾರಿ ಸಾಕು ಎಂದು ಹೇಳಿದ ಮೇಲೂ ಕೈ ನಿಲ್ಲದಿದ್ದಾಗ ಬರುವುದು ಹಲ್ಲು. ಬಾಲದ ತುದಿ ಮಿಡಿದಾಗಲೇ ಕೈ ತೆಗೆದಿದ್ದರೆ ಬೆಕ್ಕು ಬಹುಶಃ ಅಲ್ಲಿಯೇ ಮಲಗಿರುತ್ತಿತ್ತು. ಹೊಟ್ಟೆ ಮೇಲೆ ಮಾಡಿ ಹೊರಳುವ ಬೆಕ್ಕಿನ ವಿಷಯದಲ್ಲೂ ಇದೇ ಎಚ್ಚರ ಬೇಕು: ಅದು ನಮ್ಮ ಮುಂದೆ ನಿರಾಳವಾಗಿದೆ ಎಂಬುದು ನಿಜ, ಆದರೆ ತನ್ನ ಮೈಯ ಅತ್ಯಂತ ಮೃದುವಾದ ಭಾಗವನ್ನು ಮುಟ್ಟಲು ಅದು ಒಪ್ಪಿಗೆ ಕೊಟ್ಟಿಲ್ಲ. ಕೆನ್ನೆ, ಗದ್ದ, ಕಿವಿಯ ಬುಡ ಇವು ಹೆಚ್ಚಿನ ಬೆಕ್ಕುಗಳು ಸಂತೋಷದಿಂದ ಒಡ್ಡುವ ಜಾಗಗಳು, ವಾಸನೆಯ ಗ್ರಂಥಿಗಳಿರುವುದೂ ಅಲ್ಲಿಯೇ.

ಕಚ್ಚಿದ ಮೇಲಿನ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ಬೆಕ್ಕಿನ ಹಲ್ಲು ತೆಳುವಾಗಿ ಚೂಪಾಗಿರುವುದರಿಂದ ಗಾಯ ಹೊರಗೆ ಚುಕ್ಕಿಯಷ್ಟು ಕಂಡರೂ ಆಳಕ್ಕೆ ಇಳಿದಿರುತ್ತದೆ, ಸೋಂಕು ಬೇಗ ಹತ್ತುತ್ತದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೇಬೀಸ್ ಇರುವ ಕಡೆಗಳಲ್ಲಿ ಇದರಲ್ಲಿ ಉದಾಸೀನ ಸಲ್ಲದು.

ಗುರ್‌ಗುರ್ ಸದ್ದಿನ ಬಗೆಗೆ ಒಂದು ತಿದ್ದುಪಡಿ: ಬೆಕ್ಕು ತೃಪ್ತಿಯಲ್ಲಿ ಮಾತ್ರವಲ್ಲದೆ ನೋವಿನಲ್ಲಿ, ಹೆರಿಗೆಯಲ್ಲಿ, ಕಾಯಿಲೆಯ ಕೊನೆಯ ಹಂತದಲ್ಲಿಯೂ ಆ ಸದ್ದು ಹೊರಡಿಸುತ್ತದೆ. ಸದ್ದು ಕೇಳಿತೆಂದು ಕಣ್ಣು, ಕಿವಿಗಳನ್ನು ನೋಡುವುದನ್ನು ಬಿಡಬಾರದು.

ಇಷ್ಟನ್ನೆಲ್ಲ ಒಂದು ಪತ್ರಿಕೆಗೆ ಬರೆಯುವ ಕಾರಣವೆಂದರೆ, ಬೆಕ್ಕಿನ ಕುರಿತು ಇಂದಿನ ಹೆಚ್ಚಿನ ಜನರ ತಿಳಿವಳಿಕೆ ಬರುತ್ತಿರುವುದು ಚಿತ್ರಗಳಿಂದ ಮತ್ತು ಕಿರು ವಿಡಿಯೊಗಳಿಂದ. ಬೆಕ್ಕಿನ ಹಿಂದೆ ಸದ್ದಿಲ್ಲದೆ ಏನನ್ನೋ ಇಟ್ಟು ಅದು ಬೆಚ್ಚಿ ಮೇಲಕ್ಕೆ ಹಾರುವುದನ್ನು ಚಿತ್ರಿಸಿ ನಗುವವರಿಗೆ ಕಡಿಮೆಯಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಅಲ್ಲಿ ತಿರುಗುಮುರುಗಾಗಿದೆ; ಸಂಕಟ ಬೆಕ್ಕಿನದು, ಚೆಲ್ಲಾಟ ನಮ್ಮದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 85 ದೇಶಗಳ 6,300ಕ್ಕೂ ಹೆಚ್ಚು ಜನರಿಗೆ ಬೆಕ್ಕುಗಳ 20 ಕಿರು ವಿಡಿಯೊಗಳನ್ನು ತೋರಿಸಿ, ಮುಖ ನೋಡಿ ಬೆಕ್ಕು ಹಿತವಾದ ಸ್ಥಿತಿಯಲ್ಲಿದೆಯೇ, ಅಹಿತವಾದ ಸ್ಥಿತಿಯಲ್ಲಿದೆಯೇ ಎಂದು ಹೇಳುವಂತೆ ಕೇಳಿದ್ದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸರಾಸರಿ ಅಂಕ ಶೇಕಡಾ 59 ಮಾತ್ರ. ಹಲ್ಲು ಕಿರಿದು ಬುಸುಗುಡುವಂಥ, ಯಾರಿಗಾದರೂ ತಿಳಿಯುವ ಭಾವಗಳನ್ನು ಅದರಲ್ಲಿ ಸೇರಿಸಿರಲಿಲ್ಲ ಎಂಬುದು ನಿಜ. ಆದರೂ ಕಣ್ಣು ಮುಚ್ಚಿ ಊಹಿಸಿದರೆ ಬರುವ ಅಂಕಕ್ಕಿಂತ ಇದು ಹೆಚ್ಚೇನೂ ಮೇಲಲ್ಲ. ಪಶುವೈದ್ಯ ವೃತ್ತಿಯಲ್ಲಿರುವವರು ಉಳಿದವರಿಗಿಂತ ಚೆನ್ನಾಗಿ ಗುರುತಿಸಿದ್ದರು. ಅಂದರೆ ಇದು ಹುಟ್ಟಿನಿಂದ ಬರುವ ಪ್ರತಿಭೆಯಲ್ಲ, ನೋಡಿ ನೋಡಿ ರೂಢಿಯಾಗುವ ವಿದ್ಯೆ. ಹಾಗಿದ್ದಲ್ಲಿ ಪ್ರಾಣಿಗಳ ಚಿತ್ರ ಪ್ರಕಟಿಸುವ ಮೊದಲು ಅದರ ಅಡಿಬರಹವನ್ನು ಪಶುವೈದ್ಯರೊಬ್ಬರ ಕಣ್ಣಿಗೆ ಒಮ್ಮೆ ಹಾಯಿಸುವುದು, ಹೆದರಿದ ಪ್ರಾಣಿಯ ಚಿತ್ರವನ್ನು ತಮಾಷೆಯ ಅಂಕಣದಲ್ಲಿ ಹಾಕದಿರುವುದು, ಮಕ್ಕಳ ಪುಟದಲ್ಲಿ ಕಿವಿ ಮತ್ತು ಬಾಲದ ಭಂಗಿಗಳ ಒಂದು ಸರಳ ರೇಖಾಚಿತ್ರವನ್ನು ಕೊಡುವುದು ಪತ್ರಿಕೆಗೆ ಕಷ್ಟದ ಕೆಲಸವಾಗಲಾರದು ಎಂದು ಭಾವಿಸುತ್ತೇನೆ.

ಕೊನೆಯದಾಗಿ, ಸಾಕಿದವರು ಬಹಳ ಸಲ ತಡವಾಗಿ ಗುರುತಿಸುವ ಒಂದು ಸಂಗತಿಯನ್ನು ಹೇಳದೆ ಪತ್ರ ಮುಗಿಸಲಾರೆ. ಕಿರಿದಾದ ಕಣ್ಣೆಲ್ಲ ನೆಮ್ಮದಿಯ ಕಣ್ಣಲ್ಲ. ನೋವಿನಲ್ಲಿರುವ ಬೆಕ್ಕೂ ಕಣ್ಣು ಕಿರಿದಾಗಿಸುತ್ತದೆ, ಆದರೆ ಅದು ಸಡಿಲವಾದ ಮುಚ್ಚುವಿಕೆಯಲ್ಲ, ಹಿಂಡಿದಂಥ ಬಿಗಿತ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2019ರಲ್ಲಿ ಪ್ರಕಟವಾದ ನೋವಿನ ಮಾಪನವೊಂದು ಐದು ಗುರುತುಗಳನ್ನು ನೋಡುತ್ತದೆ: ಕಿವಿಯ ಸ್ಥಾನ, ಕಣ್ಣಿನ ಸುತ್ತಲಿನ ಬಿಗಿತ, ಮೂತಿಯ ಬಿಗಿತ, ಮೀಸೆಯ ದಿಕ್ಕು, ಭುಜದ ಮಟ್ಟಕ್ಕೆ ಹೋಲಿಸಿದರೆ ತಲೆ ಎಷ್ಟು ತಗ್ಗಿದೆ ಎಂಬುದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ನೋವಿನ ಬೆಕ್ಕಿನ ಕಿವಿಗಳು ಹೊರಕ್ಕೆ ಹೊರಳಿ ಒಂದರಿಂದ ಒಂದು ದೂರವಾಗುತ್ತವೆ, ತಲೆ ಭುಜಕ್ಕಿಂತ ಕೆಳಗೆ ಬಾಗುತ್ತದೆ, ಬೆಕ್ಕು ಮೂಲೆಯಲ್ಲಿ ಮುದುಡಿ ಕೂರುತ್ತದೆ. ಮನೆಯವರು ನಿದ್ದೆ ಮಾಡುತ್ತಿದೆ ಎಂದುಕೊಳ್ಳುತ್ತಾರೆ. ಒಂದೇ ಕಣ್ಣನ್ನು ಕಿರಿದಾಗಿಸಿ ನೀರು ಸುರಿಸುತ್ತಿದ್ದರೆ ಕಣ್ಣಿಗೆ ಗೀರು ಬಿದ್ದಿರಬಹುದು. ಮೂಗಿನ ಬದಿಯ ಮೂಲೆಯಿಂದ ಬಿಳಿಚಿದ ಮೂರನೆಯ ರೆಪ್ಪೆ ಹೊರಬಂದು, ಬೆಕ್ಕು ಪೂರ್ತಿ ಎಚ್ಚರವಾಗಿದ್ದಾಗಲೂ ಹಿಂದಕ್ಕೆ ಸರಿಯದಿದ್ದರೆ ಏನೋ ಅನಾರೋಗ್ಯವಿದೆ. ಎರಡು ಪಾಪೆಗಳು ಒಂದೇ ಅಳತೆಯಲ್ಲಿಲ್ಲದಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ವಯಸ್ಸಾದ ಬೆಕ್ಕಿನ ಪಾಪೆಗಳು ಹಗಲು ಬೆಳಕಿನಲ್ಲೂ ಕಿರಿದಾಗದೆ ಅರಳಿಯೇ ಇದ್ದು, ಅದು ಗೋಡೆಗೆ, ಕುರ್ಚಿಗೆ ತಾಗಿಕೊಂಡು ನಡೆಯುತ್ತಿದ್ದರೆ, ರಕ್ತದೊತ್ತಡ ಏರಿ ಅಕ್ಷಿಪಟ ಕಳಚಿಕೊಂಡಿರುವ ಸಾಧ್ಯತೆಯಿದೆ. ಮೂತ್ರಪಿಂಡದ ಕಾಯಿಲೆಯಿರುವ ಬೆಕ್ಕುಗಳಲ್ಲಿ ಇದು ಅಪರೂಪವಲ್ಲ. ತಡಮಾಡದೆ ಚಿಕಿತ್ಸೆ ಶುರುವಾದರೆ ದೃಷ್ಟಿ ಸ್ವಲ್ಪಮಟ್ಟಿಗಾದರೂ ಮರಳುವುದುಂಟು, ದಿನಗಳು ಕಳೆದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ.

ಇಂತಿ,
ತಮ್ಮ ಪತ್ರಿಕೆಯ ಓದುಗರೊಬ್ಬರು